ಪುಸ್ತಕದ ಟ್ಯಾಂಕ್, ನಿಮ್ಮ ಮನೆಯ ಟ್ಯಾಂಕ್: ಗಣಿತದ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ದೂರು: ‘ಪದವಿ ತರಗತಿಯ ಗಣಿತವನ್ನು ಮನೆಯಲ್ಲಿ ಪ್ರಯೋಗಿಸಿ ನೋಡಿದೆ, ಉತ್ತರ ತಾಳೆಯಾಗಲಿಲ್ಲ.’ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದನ್ನು ಹಿಡಿದು ವಿವರವಾಗಿ ಬರೆದುಬಿಡುತ್ತೇನೆ, ಉಳಿದವರು ಅದನ್ನೇ ತಮಗೆ ಅನ್ವಯಿಸಿಕೊಳ್ಳಲಿ. ಅವಕಲ ಸಮೀಕರಣ ಎಂದರೇನು, ಅದನ್ನು ಬಿಡಿಸುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಪಠ್ಯದಲ್ಲಿದೆ.

ಪ್ರಶ್ನೆ: ನಮ್ಮದು ಒಂದೇ ಅಂತಸ್ತಿನ ಮನೆ. ತಾರಸಿಯ ಮೇಲೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇದೆ. ತೊಳೆಯುವುದಕ್ಕೆಂದು ಬಚ್ಚಲುಮನೆಯ ನಲ್ಲಿ ತೆರೆದು ಖಾಲಿ ಮಾಡಿದೆವು. ಅರ್ಧ ಖಾಲಿಯಾಗಲು 20 ನಿಮಿಷ ಹಿಡಿಯಿತು. ಟೊರಿಚೆಲ್ಲಿ ನಿಯಮದ ಪ್ರಕಾರ ಪೂರ್ತಿ ಖಾಲಿಯಾಗಲು 68 ನಿಮಿಷ ಬೇಕು ಎಂದು ಲೆಕ್ಕ ಹಾಕಿದೆ. 42 ನಿಮಿಷಕ್ಕೇ ಮುಗಿಯಿತು. ‘ಅರ್ಧಕ್ಕೆ ಇಪ್ಪತ್ತಾದರೆ ಪೂರ್ತಿಗೆ ನಲವತ್ತು, ಇದಕ್ಕೆ ಬಿ.ಎಸ್ಸಿ. ಓದಬೇಕೇ?’ ಎಂದು ಅಪ್ಪ ನಕ್ಕರು. ಪುಸ್ತಕದ ಸೂತ್ರ ತಪ್ಪೇ?

ಉತ್ತರ: ಸೂತ್ರ ಸರಿ, ನಿಮ್ಮ ಲೆಕ್ಕವೂ ಸರಿ. ಆದರೆ ನೀವು ಲೆಕ್ಕ ಹಾಕಿದ್ದು ಬೇರೆ ಯಾರದೋ ಟ್ಯಾಂಕಿಗೆ.

ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ ಹೇಳುವುದು ಇಷ್ಟು: ತೂತಿನಿಂದ ಹೊರಬೀಳುವ ನೀರಿನ ವೇಗ, ತೂತಿನಿಂದ ನೀರಿನ ಮೇಲ್ಮೈವರೆಗಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ ಇಳಿದಂತೆ ವೇಗವೂ ಇಳಿಯುತ್ತದೆ. ಟ್ಯಾಂಕಿನ ಅಡ್ಡಕೊಯ್ತ ಎಲ್ಲ ಕಡೆಯೂ ಒಂದೇ ಆಗಿದ್ದರೆ, ಈ ನಿಯಮದ ಅವಕಲ ಸಮೀಕರಣವನ್ನು ಬಿಡಿಸಿದಾಗ ಎತ್ತರದ ವರ್ಗಮೂಲ ಸಮಯದೊಂದಿಗೆ ಸಮನಾಗಿ ಕಡಿಮೆಯಾಗುತ್ತದೆ ಎಂದು ಸಿಗುತ್ತದೆ. ಪುಸ್ತಕದಲ್ಲಿ ತೂತು ತಳದಲ್ಲಿರುತ್ತದೆ. ಎತ್ತರ ಅರ್ಧವಾದಾಗ ಅದರ ವರ್ಗಮೂಲ 1ರಿಂದ 0.707ಕ್ಕೆ ಮಾತ್ರ ಇಳಿದಿರುತ್ತದೆ. ಹಾಗಾಗಿ ಮೇಲಿನ ಅರ್ಧ ಖಾಲಿಯಾಗಲು ಒಟ್ಟು ಸಮಯದ 29 ಶೇಕಡಾ ಸಾಕು, ಉಳಿದ ಅರ್ಧಕ್ಕೆ 71 ಶೇಕಡಾ ಬೇಕು. 20 ನಿಮಿಷವನ್ನು 0.293ರಿಂದ ಭಾಗಿಸಿದರೆ 68. ನೀವು ಮಾಡಿದ್ದು ಇದನ್ನೇ.

ಈಗ ನಿಮ್ಮ ಮನೆಗೆ ಬನ್ನಿ. ನೀರು ಹೊರಬೀಳುವುದು ಎಲ್ಲಿ? ಟ್ಯಾಂಕಿನ ತಳದಲ್ಲಲ್ಲ, ಬಚ್ಚಲುಮನೆಯ ನಲ್ಲಿಯಲ್ಲಿ. ಅದು ತಳಕ್ಕಿಂತ ಎಷ್ಟು ಕೆಳಗಿದೆ ಎಂದು ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ, ನನಗೆ ರೇಗುವುದೇ ಇದಕ್ಕೆ. 3 ಮೀಟರ್ ಎಂದಿಟ್ಟುಕೊಳ್ಳೋಣ. ತುಂಬಿದ ಟ್ಯಾಂಕಿನಲ್ಲಿ ನೀರು 1 ಮೀಟರ್. ಅಂದರೆ ಎತ್ತರ 1ರಿಂದ ಸೊನ್ನೆಗೆ ಇಳಿಯುವುದಿಲ್ಲ, 4ರಿಂದ 3ಕ್ಕೆ ಇಳಿಯುತ್ತದೆ. √4 ಎಂದರೆ 2, √3.5 ಎಂದರೆ 1.871, √3 ಎಂದರೆ 1.732. ಮೇಲಿನ ಅರ್ಧಕ್ಕೆ ವರ್ಗಮೂಲದ ಇಳಿತ 0.129, ಪೂರ್ತಿ ಟ್ಯಾಂಕಿಗೆ 0.268. ಅನುಪಾತ 0.482. 20 ನಿಮಿಷವನ್ನು ಇದರಿಂದ ಭಾಗಿಸಿ: 41.5 ನಿಮಿಷ. ನೀವು ಗಡಿಯಾರದಲ್ಲಿ ನೋಡಿದ್ದು 42.

ಕೊಳವೆಯೊಳಗಿನ ಘರ್ಷಣೆಯನ್ನು ಬಿಟ್ಟಿರಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಟ್ಟಿಲ್ಲ. ಘರ್ಷಣೆ, ಮೊಣಕೈ ತಿರುವು, ನಲ್ಲಿಯ ಬಾಯಿ ಎಲ್ಲ ಸೇರಿ ವೇಗವನ್ನು ಬಹಳ ತಗ್ಗಿಸುತ್ತವೆ. ಆದರೆ ಮನೆಯ ಕೊಳವೆಯಲ್ಲಿ ನೀರು ಸುಳಿಸುಳಿಯಾಗಿ ನುಗ್ಗುವುದರಿಂದ ವರ್ಗಮೂಲದ ಸಂಬಂಧ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಬದಲಾಗುವುದು ಸ್ಥಿರಾಂಕ ಮಾತ್ರ. ನಾವು ನೋಡುತ್ತಿರುವುದು ಎರಡು ಸಮಯಗಳ ಅನುಪಾತ; ಅದರಲ್ಲಿ ಸ್ಥಿರಾಂಕ ಹೊಡೆದುಹೋಗುತ್ತದೆ. ಯಾವುದನ್ನು ಅಳೆದರೆ ಗೊತ್ತಿಲ್ಲದ ಸಂಖ್ಯೆ ತಾನಾಗಿ ಹೊರಟುಹೋಗುತ್ತದೆ ಎಂದು ಹುಡುಕುವುದೇ ಮಾದರಿ ಕಟ್ಟುವವರ ಅರ್ಧ ಜಾಣತನ.

ನಿಮ್ಮ ತಂದೆಯವರು ಗೆದ್ದದ್ದೇಕೆ? ಕೊನೆಯ ಹನಿಯ ಹೊತ್ತಿಗೂ ವೇಗ ಆರಂಭದ ವೇಗದ 87 ಶೇಕಡಾ ಇತ್ತು. ಹೆಚ್ಚುಕಡಿಮೆ ಸಮವೇಗ, ಆದ್ದರಿಂದ ತ್ರೈರಾಶಿ ಸಾಕಾಯಿತು. ಐದನೆಯ ಮಹಡಿಯ ಮೇಲಿನ ಟ್ಯಾಂಕನ್ನು ನೆಲಮಹಡಿಯಲ್ಲಿ ಖಾಲಿ ಮಾಡಿದರೆ ಅವರ ಲೆಕ್ಕ ಇನ್ನೂ ನಿಖರ. ಅಂಗಳದಲ್ಲಿ ತಳಕ್ಕೇ ನಲ್ಲಿ ಕೂರಿಸಿದ ಡ್ರಮ್ಮಿನ ಮುಂದೆ ಅವರನ್ನು ನಿಲ್ಲಿಸಿ: ಮೊದಲ ಅರ್ಧಕ್ಕೆ 20 ನಿಮಿಷವಾದರೆ ಎರಡನೆಯ ಅರ್ಧಕ್ಕೆ ಸುಮಾರು 48 ನಿಮಿಷ ಕಾಯಬೇಕಾಗುತ್ತದೆ. ಯಾವ ಟ್ಯಾಂಕಿಗೆ ತ್ರೈರಾಶಿ ಸಾಕು, ಯಾವುದಕ್ಕೆ ಸಾಲದು ಎಂದು ಮೊದಲೇ ಹೇಳುವುದಕ್ಕೆ ಬಿ.ಎಸ್ಸಿ. ಬೇಕು.

ಇದೇ ಟ್ಯಾಂಕಿನಲ್ಲಿ ಇನ್ನೊಂದು ವಿಷಯವಿದೆ. ಅದನ್ನು ನೋಡದೆ ದಾಟಲು ನನಗೆ ಮನಸ್ಸಿಲ್ಲ. ಅವಕಲ ಸಮೀಕರಣಕ್ಕೆ ಒಂದೇ ಉತ್ತರವಿದೆ ಎಂದು ಖಾತ್ರಿ ಕೊಡುವ ಲಿಪ್ಶಿಟ್ಸ್ ಷರತ್ತನ್ನು ಪರೀಕ್ಷೆಗೆ ಉರುಹೊಡೆದು, ಇದರಿಂದ ಏನು ಉಪಯೋಗ ಎಂದು ಕೇಳುವವರು ಪ್ರತಿವರ್ಷ ಇದ್ದಾರೆ. ತಳದಲ್ಲಿ ತೂತಿರುವ ಟ್ಯಾಂಕ್ ಖಾಲಿಯಾಗಿ ನಿಂತಿದೆ. ಅದು ಖಾಲಿಯಾದದ್ದು ಯಾವಾಗ? ಹತ್ತು ನಿಮಿಷದ ಹಿಂದೆಯೋ ನಿನ್ನೆಯೋ, ಹೇಳಲಾಗದು. ಸಮೀಕರಣಕ್ಕೂ ಅದು ಗೊತ್ತಿಲ್ಲ. ಎತ್ತರ ಸೊನ್ನೆಯಾದಲ್ಲಿ ವರ್ಗಮೂಲ ಆ ಷರತ್ತನ್ನು ಪಾಲಿಸುವುದಿಲ್ಲ, ಅಲ್ಲಿಂದ ಹಿಂದಕ್ಕೆ ಹೋಗಲು ಅಸಂಖ್ಯ ದಾರಿಗಳಿವೆ. ಉತ್ತರ ಒಂದೇ ಎನ್ನುವ ಪ್ರಮೇಯ ಎಲ್ಲಿ ಕೈಬಿಡುತ್ತದೆಯೋ ಅಲ್ಲಿಯೇ ಟ್ಯಾಂಕೂ ತನ್ನ ಹಿಂದಿನ ಕಥೆಯನ್ನು ಮರೆತಿರುತ್ತದೆ. ನಿಮ್ಮ ಬಚ್ಚಲುಮನೆಯ ಮಾದರಿಯಲ್ಲಿ ಈ ತೊಡಕಿಲ್ಲ, ಬೇರೆಯದಿದೆ: ಟ್ಯಾಂಕ್ ಬರಿದಾದ ಮೇಲೂ ಸಮೀಕರಣ ನೀರನ್ನು ಇಳಿಸುತ್ತಲೇ ಹೋಗುತ್ತದೆ. ಅಲ್ಲಿಗೆ ನಿಲ್ಲಿಸು ಎಂದು ಹೇಳಬೇಕಾದವರು ನೀವು.

ಪ್ರಯೋಗ ಮಾಡುವವರಿಗೆ: ಮುಚ್ಚಳ ಬಿಗಿಯಾಗಿದ್ದು ಗಾಳಿ ಒಳಬರದಿದ್ದರೆ ಹರಿವು ತಗ್ಗುತ್ತದೆ, ಸ್ವಲ್ಪ ಸಡಿಲಿಸಿ. ಆ ಹೊತ್ತಿನಲ್ಲಿ ಮೋಟಾರು ಹಾಕಬೇಡಿ. ನೀರಿನ ಮಟ್ಟ ನೋಡಲು ಒಬ್ಬರೇ ಏಣಿ ಹತ್ತಬೇಡಿ. ಕೆಳಗೆ ಬಕೆಟ್ ಎಣಿಸಿದರೂ ಅಷ್ಟೇ ಮಾಹಿತಿ ಸಿಗುತ್ತದೆ. ನೆಲದಡಿಯ ಸಂಪಿನೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಆಮ್ಲಜನಕ ಸಾಲದೆ ಸಂಪಿನಲ್ಲಿ ಜನ ಸತ್ತಿದ್ದಾರೆ.

ಪ್ರಶ್ನೆ: ಮಾದರಿ ಕಟ್ಟಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಮೊದಲು ಪೆನ್ಸಿಲ್.

ಪ್ರಶ್ನೆ: ಶಂಖ, ಹೂವು, ದೇವಸ್ಥಾನ, ಮುಖ ಎಲ್ಲದರಲ್ಲೂ ಸುವರ್ಣ ಅನುಪಾತ (ಸುಮಾರು 1.618) ಇದೆಯಂತೆ, ವಿವರಿಸಿ.

ಉತ್ತರ: ಸೂರ್ಯಕಾಂತಿಯ ಬೀಜಗಳ ಜೋಡಣೆಯಲ್ಲಿದೆ. ಉಳಿದದ್ದು ಟೇಪನ್ನು ತಮಗೆ ಬೇಕಾದಲ್ಲಿಂದ ಹಿಡಿಯುವವರ ಕೈಚಳಕ.

ಪ್ರಶ್ನೆ: ಒಂದು ಷೇರಿನ 30 ದಿನಗಳ ಬೆಲೆಗೆ ಆರನೆಯ ಘಾತದ ಬಹುಪದೋಕ್ತಿ ಹೊಂದಿಸಿದೆ. 98 ಶೇಕಡಾ ಹೊಂದಿಕೆ ಬಂದಿದೆ. ಹಣ ಹಾಕಬಹುದೇ?

ಉತ್ತರ: ಹಾಕಬೇಡಿ. ಇಪ್ಪತ್ತೊಂಬತ್ತನೆಯ ಘಾತ ತೆಗೆದುಕೊಂಡಿದ್ದರೆ ನೂರಕ್ಕೆ ನೂರು ಬರುತ್ತಿತ್ತು, ನಾನು ಮನಸ್ಸಿಗೆ ಬಂದ 30 ಸಂಖ್ಯೆ ಕೊಟ್ಟರೂ ಬರುತ್ತಿತ್ತು. ಹಿಂದಿನದಕ್ಕೆ ಹೊಂದುವುದು ಮುಂದಿನದನ್ನು ಹೇಳುವುದಲ್ಲ. 30ನೆಯ ದಿನದಿಂದ 60ನೆಯ ದಿನಕ್ಕೆ ಹೋದರೆ ಆರನೆಯ ಘಾತದ ಪದವೊಂದೇ 64 ಪಟ್ಟಾಗುತ್ತದೆ. ಷೇರು ಆಕಾಶಕ್ಕೆ ಹಾರಬೇಕು, ಇಲ್ಲವೇ ಸೊನ್ನೆಗಿಂತ ಕೆಳಗಿಳಿಯಬೇಕು. ನಂಬಿಕೆ ಬಾರದಿದ್ದರೆ ಮೊದಲ 20 ದಿನಕ್ಕೆ ಮಾತ್ರ ಹೊಂದಿಸಿ, ಕೊನೆಯ 10 ದಿನ ಮುಚ್ಚಿಟ್ಟು ತಾಳೆ ನೋಡಿ. ಇಂಥ ವಕ್ರರೇಖೆಗಳನ್ನೇ ‘ಗುಪ್ತ ಸೂತ್ರ’ ಎಂದು ಮೊಬೈಲಿನಲ್ಲಿ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಸೂತ್ರ ನಿಜವಾಗಿದ್ದರೆ ಶುಲ್ಕ ಕಟ್ಟಿಸಿಕೊಂಡು ಪಾಠ ಮಾಡುವ ಕರ್ಮ ನಿಮಗೇಕೆ?

ಪ್ರಶ್ನೆ: 1 ಲಕ್ಷ ರೂಪಾಯಿ ಸಾಲ, ‘ಫ್ಲಾಟ್’ 10 ಶೇಕಡಾ ಬಡ್ಡಿ, 3 ವರ್ಷ. ಬ್ಯಾಂಕಿನ 14 ಶೇಕಡಾಕ್ಕಿಂತ ಅಗ್ಗವಲ್ಲವೇ?

ಉತ್ತರ: ಅಲ್ಲ. ತಿಂಗಳಿಗೆ 3,611 ರೂಪಾಯಿಯಂತೆ 36 ಕಂತು ಕಟ್ಟುತ್ತೀರಿ. ಅಸಲು ತಿಂಗಳು ತಿಂಗಳೂ ಕರಗುತ್ತದೆ, ಬಡ್ಡಿಯನ್ನು ಮಾತ್ರ ಕೊನೆಯವರೆಗೂ ಪೂರ್ತಿ 1 ಲಕ್ಷದ ಮೇಲೆಯೇ ಹಾಕುತ್ತಾರೆ. ಗುಣೋತ್ತರ ಶ್ರೇಢಿಯ ಮೊತ್ತ ಬರೆದು ದರ ಬಿಡಿಸಿದರೆ, ಬ್ಯಾಂಕಿನವರು ಹೇಳುವ ಕರಗುವ ಬಾಕಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 17.9 ಶೇಕಡಾ. ದರವನ್ನು ನೇರವಾಗಿ ಬಿಡಿಸುವ ಸೂತ್ರ ಸಿಗುವುದಿಲ್ಲ. ಎರಡನೆಯ ಸೆಮಿಸ್ಟರಿನಲ್ಲಿ ಬೈದುಕೊಂಡು ಕಲಿತ ನ್ಯೂಟನ್–ರಾಫ್ಸನ್ ವಿಧಾನ ಬಳಸಿ: ಒಂದು ಊಹೆಯಿಂದ ಹೊರಟು ಸುತ್ತು ಸುತ್ತಿಗೂ ಅದನ್ನು ತಿದ್ದಿಕೊಳ್ಳುವುದು. ಮೂರು ಸುತ್ತಿಗೆ ಉತ್ತರ ಕೈಗೆ ಬರುತ್ತದೆ.

ಪ್ರಶ್ನೆ: ರಕ್ತದೊತ್ತಡದ ಮಾತ್ರೆ ದೇಹದಲ್ಲಿ ಘಾತೀಯವಾಗಿ ಕರಗುವ ಮಾದರಿ ಮಾಡಿದ್ದೇನೆ. ಅದರಂತೆ ಅಮ್ಮನ ಮಾತ್ರೆಯ ಹೊತ್ತು ಬದಲಿಸಬಹುದೇ?

ಉತ್ತರ: ಕೂಡದು. ವೈದ್ಯರನ್ನು ಕೇಳಿ.