ಫೋಟೋದ ಚೆಂಡು ಯಾಕೆ ಅಷ್ಟು ದಪ್ಪ?

ಅಮೆರಿಕದ ಹೆಣ್ಣುಮಕ್ಕಳ ಬೇಸ್‌ಬಾಲ್ ಲೀಗ್‌ನ ಕಥೆಯಾದ ‘ಎ ಲೀಗ್ ಆಫ್ ದೇರ್ ಓನ್’ ಸಿನಿಮಾ ನೋಡಿ, ಆಮೇಲೆ ಆ ಕಾಲದ ಅಸಲಿ ಫೋಟೋಗಳನ್ನೂ ಹುಡುಕಿದ ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: “ಫೋಟೋದಲ್ಲಿ ಹುಡುಗಿಯರ ಕೈಲಿರುವ ಚೆಂಡು ಸಿನಿಮಾದ್ದಕ್ಕಿಂತ ದಪ್ಪಗಿದೆ. ಅವರು ಆಡಿದ್ದು ನಿಜಕ್ಕೂ ಬೇಸ್‌ಬಾಲೇನಾ? ಫೈನಲ್‌ನಲ್ಲಿ ಸಿನಿಮಾದ ನಾಯಕಿಯರ ತಂಡ ರಾಕ್‌ಫರ್ಡ್ ಸೋತಿದ್ದು ನಿಜವೇ?”

ಸಂಪಾದಕರ ಉತ್ತರ: ಚೆಂಡನ್ನು ಗಮನಿಸಿದ್ದೀರಲ್ಲ, ಸಿನಿಮಾ ಮುಚ್ಚಿಟ್ಟಿರುವುದು ಅದನ್ನೇ. ಯುದ್ಧಕ್ಕೆ ಗಂಡಸರು ಹೋಗಿ ಮೈದಾನಗಳು ಖಾಲಿ ಬಿದ್ದಾವು ಎಂಬ ಭಯದಲ್ಲಿ 1943ರಲ್ಲಿ ಈ ಲೀಗ್ ಕಟ್ಟಿದವರು ಶಿಕಾಗೊ ಕಬ್ಸ್ ತಂಡದ ಮಾಲೀಕ, ಚ್ಯೂಯಿಂಗ್ ಗಮ್ ಕಂಪನಿಯ ಫಿಲಿಪ್ ರಿಗ್ಲಿ. ಸಿನಿಮಾದಲ್ಲಿ ಅವರು ಚಾಕೊಲೇಟ್ ಧಣಿಯಾಗಿದ್ದಾರೆ. ಆಟಗಾರ್ತಿಯರು ಸಿಗುತ್ತಿದ್ದದ್ದು ಸಾಫ್ಟ್‌ಬಾಲ್ (ದಪ್ಪ ಚೆಂಡು, ಚಿಕ್ಕ ಅಂಗಳದ ಬೇಸ್‌ಬಾಲ್) ತಂಡಗಳಲ್ಲಿ. ಹಾಗಾಗಿ 12 ಇಂಚು ಸುತ್ತಳತೆಯ ಚೆಂಡು, ತೋಳನ್ನು ಕೆಳಗಿನಿಂದ ಬೀಸಿ ಎಸೆಯುವ ಅಂಡರ್‌ಹ್ಯಾಂಡ್, 40 ಅಡಿ ದೂರದಿಂದ ಪಿಚಿಂಗ್ (ಬ್ಯಾಟ್ ಹಿಡಿದವರತ್ತ ಚೆಂಡೆಸೆತ), ಇವೆಲ್ಲ ಹಾಗೇ ಉಳಿದವು. ಓಡಿ ಮುಟ್ಟಬೇಕಾದ ಗುರುತುಗಳಾದ ಬೇಸ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ 65 ಅಡಿ, ನಮ್ಮ ಕ್ರಿಕೆಟ್ ಪಿಚ್‌ಗಿಂತ ಒಂದಡಿ ಕಮ್ಮಿ. ಬೇಸ್‌ಬಾಲಿನಿಂದ ತಂದದ್ದು ಎರಡು: ತಂಡಕ್ಕೆ 9 ಜನ, ಮತ್ತು ಪಿಚರ್ ಎಸೆಯುವ ಮೊದಲೇ ಬೇಸ್ ಬಿಟ್ಟು ಸರಿದು ನಿಂತು, ಸಮಯ ನೋಡಿ ಮುಂದಿನ ಬೇಸ್ ಕದಿಯುವ ಸ್ವಾತಂತ್ರ್ಯ.

ಆಟಕ್ಕೆ ಬಿಸಿ ಹತ್ತಿದ್ದು ಈ ಎರಡನೆಯದರಿಂದ. ಓಟ ಚಿಕ್ಕದು. ಅದರಲ್ಲೂ ನಾಲ್ಕು ಹೆಜ್ಜೆ ಮುಂಚೆಯೇ ಕದ್ದಾಗಿರುತ್ತದೆ. ಬ್ಯಾಟ್ ಹಿಡಿದವರ ಹಿಂದೆ ಕೂರುವ ಕ್ಯಾಚರ್, ಆ ಮೊದಲ ಅಳತೆಯಲ್ಲಿ, ಎರಡನೇ ಬೇಸ್‌ಗೆ ಕರ್ಣರೇಖೆಯಲ್ಲಿ ಸುಮಾರು 92 ಅಡಿ ಎಸೆಯಬೇಕು, ಅದೂ ಬೆರಳು ಸುತ್ತಿ ಹಿಡಿಯಲಾಗದ ಚೆಂಡನ್ನು. 1946ರಲ್ಲಿ ರಸೀನ್ ತಂಡದ ಸೋಫಿ ಕುರಿಸ್ 203 ಸಲ ಪ್ರಯತ್ನಿಸಿ 201 ಬೇಸ್ ಕದ್ದರು. ಗಂಡಸರ ಮೇಜರ್ ಲೀಗ್‌ನಲ್ಲಿ ಆಧುನಿಕ ಕಾಲದ ದಾಖಲೆ 1982ರಲ್ಲಿ ರಿಕಿ ಹೆಂಡರ್ಸನ್ ಕದ್ದ 130. ಅಂಗಳದ ಅಳತೆ ಬೇರೆ, ನೇರ ಹೋಲಿಕೆ ಸಲ್ಲದು, ನಿಜ. ಆದರೂ ಎರಡೇ ಸಲ ಸಿಕ್ಕಿಬಿದ್ದದ್ದು!

ಕದಿಯಬೇಕೆಂದರೆ ನೆಲದ ಮೇಲೆ ಜಾರಿ ಬೇಸ್ ಮುಟ್ಟಬೇಕು. ತೊಟ್ಟಿದ್ದು ಮಾತ್ರ ಸ್ಕರ್ಟ್. ಬರಿತೊಡೆ ಮಣ್ಣಿಗೆ ಉಜ್ಜಿ ಚರ್ಮ ಕಿತ್ತುಬರುತ್ತಿತ್ತು, ಗಾಯ ಒಣಗುವ ಮುಂಚೆ ಮತ್ತೆ ಅದೇ ಜಾಗ. ಸಿನಿಮಾದಲ್ಲಿ ತೋರಿಸುವ ತೊಡೆಯ ಕಪ್ಪು ಗಾಯ ಮೇಕಪ್ ಅಲ್ಲ, ಚಿತ್ರೀಕರಣದಲ್ಲಿ ನಟಿಗೆ ನಿಜವಾಗಿಯೇ ಆದದ್ದು.

ನಿರ್ದೇಶಕಿ ಪೆನಿ ಮಾರ್ಷಲ್ 1943ರ ಕಥೆಯಲ್ಲೇ ಹುಡುಗಿಯರಿಂದ ಭುಜದ ಮೇಲಿಂದ ಎಸೆಸುತ್ತಾರೆ. ಲೀಗ್‌ನಲ್ಲಿ ಅದು ಬಂದದ್ದು 1948ಕ್ಕೆ. ಆ ಹೊತ್ತಿಗೆ ಚೆಂಡು ಹತ್ತು ಇಂಚಿಗೆ ಚೂರು ಹೆಚ್ಚು ಎನ್ನುವಷ್ಟಕ್ಕೆ ಇಳಿದಿತ್ತು. ಕೆಳಗಿನಿಂದ ಎಸೆಯುವುದರಲ್ಲಿ ಪಳಗಿದ ತೋಳು ಒಂದೇ ಚಳಿಗಾಲದಲ್ಲಿ ಹೊಸ ಚಲನೆಗೆ ಒಗ್ಗುವುದಿಲ್ಲ. ಲೀಗ್‌ನ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬರಾಗಿದ್ದ ಕಾನಿ ವಿಸ್ನಿಯೆವ್‌ಸ್ಕಿ ಪಿಚಿಂಗ್ ಬಿಟ್ಟು ಔಟ್‌ಫೀಲ್ಡ್‌ಗೆ ಹೋದರು. ಸೌತ್ ಬೆಂಡ್‌ನ ಜೀನ್ ಫಾಟ್‌ಗೆ ಅದೇ ನಿಯಮ ವರವಾಯಿತು: ಎದುರಾಳಿಗಳಲ್ಲಿ ಒಬ್ಬರನ್ನೂ ಮೊದಲ ಬೇಸ್ ಮುಟ್ಟಲು ಬಿಡದ ಪರ್ಫೆಕ್ಟ್ ಗೇಮ್ ಅವರ ಹೆಸರಿನಲ್ಲಿ ಎರಡಿವೆ, 1951 ಮತ್ತು 1953ರಲ್ಲಿ. ಕೊನೆಯ ವರ್ಷವಾದ 1954ರಲ್ಲಿ ಚೆಂಡು ಬಹುತೇಕ ಗಂಡಸರದ್ದೇ, ಪಿಚಿಂಗ್ 60 ಅಡಿ, ಬೇಸ್ 85 ಅಡಿ. ಕಸುಬನ್ನು ನಡುದಾರಿಯಲ್ಲಿ ಮತ್ತೆ ಕಲಿಯುವ ಈ ಪಾಡು ಒಳ್ಳೆಯ ಹಾಸ್ಯಕ್ಕೂ ವಸ್ತುವಾಗುತ್ತಿತ್ತು. ಅದನ್ನು ಕೈಬಿಟ್ಟದ್ದು ಸಿನಿಮಾಕ್ಕೇ ನಷ್ಟ ಎಂದು ನಮ್ಮ ಅಭಿಪ್ರಾಯ.

ಸಿನಿಮಾದಲ್ಲಿ ಕಪ್ಪು ಹೆಂಗಸೊಬ್ಬಳು ದೂರದಿಂದ ಚೆಂಡನ್ನು ರಭಸವಾಗಿ ಹಿಂದಕ್ಕೆಸೆದು ಸುಮ್ಮನೆ ಹೋಗುವ ದೃಶ್ಯ ನೆನಪಿರಬಹುದು. ಲೀಗ್ ಕಪ್ಪು ಆಟಗಾರ್ತಿಯರನ್ನು ಸೇರಿಸಿಕೊಳ್ಳಲಿಲ್ಲ. ಕಪ್ಪು ಆಟಗಾರ್ತಿ ಟೋನಿ ಸ್ಟೋನ್ 1953ರಲ್ಲಿ ಕಪ್ಪು ಆಟಗಾರರ ತಂಡವಾದ ಇಂಡಿಯಾನಾಪೊಲಿಸ್ ಕ್ಲೌನ್ಸ್ ಪರ ಗಂಡಸರ ಜೊತೆಯಲ್ಲೇ ಆಡಿದರು.

ಇನ್ನು ಫೈನಲ್. 1943ರಲ್ಲಿ ಗೆದ್ದದ್ದು ರಸೀನ್ ಹೌದು, ಸೋತದ್ದು ಕೆನೋಶಾ. ರಾಕ್‌ಫರ್ಡ್ ಫೈನಲ್‌ನಲ್ಲಿ ಇರಲೇ ಇಲ್ಲ. ಸಿನಿಮಾದ ಫೈನಲ್‌ನಲ್ಲಿ ಎದುರಾಳಿಗಳಾದ ಅಕ್ಕ ತಂಗಿಯರ ಡಿಕ್ಕಿಯೂ ಕಲ್ಪನೆಯೇ. ರಸೀನ್ ಮತ್ತು ರಾಕ್‌ಫರ್ಡ್ ನಿಜವಾಗಿ ಸೆಣಸಿದ್ದು 1946ರಲ್ಲಿ. ಕೊನೆಯ ಪಂದ್ಯ 13 ಇನಿಂಗ್ಸ್ ಮುಗಿದರೂ 0-0. ಹದಿನಾಲ್ಕನೆಯದರಲ್ಲಿ ಸೋಫಿ ಕುರಿಸ್ ಎರಡನೇ ಬೇಸ್ ಕದ್ದು, ಬೆಟಿ ಟ್ರೆಝಾ ಹೊಡೆದ ಹಿಟ್‌ಗೆ ಓಡಿಬಂದು, ರನ್ ಪೂರ್ತಿಯಾಗುವ ಕೊನೆಯ ಬೇಸ್ ಹೋಮ್‌ಗೆ ಜಾರಿದರು. ಆ ಒಂದು ರನ್ನಿನಿಂದ ರಸೀನ್ ಗೆದ್ದಿತು. ರಾಕ್‌ಫರ್ಡ್ ಹಿಂದಿನ ವರ್ಷವಷ್ಟೇ ಚಾಂಪಿಯನ್ ಆಗಿತ್ತು, ಮುಂದೆ 1948ರಿಂದ 1950ರವರೆಗೆ ಸತತ ಮೂರು ವರ್ಷ ಮತ್ತೆ ಗೆದ್ದಿತು.