ಉಳುಕಿದ ಕಾಲಿಗೆ ದಿಂಬಿನ ಮೇಲೆ ನಿಲ್ಲುವುದು ಯಾಕೆ?

ಕಬಡ್ಡಿಯಲ್ಲಿ ಪಾದ ಒಳಕ್ಕೆ ಹೊರಳಿ ಉಳುಕಿತ್ತು, ಈಗ ನೋವಿಲ್ಲ, ಆದರೂ ಫಿಸಿಯೋ ದಿಂಬಿನ ಮೇಲೆ ಒಂಟಿಗಾಲಲ್ಲಿ ನಿಲ್ಲಿಸ್ತಾರೆ, ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಕು ಸರ್, ಬಿಡಬೇಡಿ.

ಒಂಟಿಗಾಲಲ್ಲಿ ನಿಂತಾಗ ಮೊಣಕಾಲಿನ ಕೆಳಗೆ, ಕಾಲಿನ ಹೊರಬದಿಯಲ್ಲಿ ಮನೆಯವರಿಗೆ ಬೆರಳಿಟ್ಟು ನೋಡಲು ಹೇಳಿ. ಒಳಗೆ ಸ್ನಾಯು ಬಿಗಿಯಾಗುತ್ತಾ ಸಡಿಲಾಗುತ್ತಾ ಇರುವುದು ಗೊತ್ತಾಗುತ್ತದೆ. ಅದೇ ಪೆರೋನಿಯಸ್ ಲಾಂಗಸ್. ಪಾದ ಒಳಕ್ಕೆ ಹೊರಳದಂತೆ ತಡೆಯುವ ಮುಖ್ಯ ಸ್ನಾಯು ಅದು. ಒಮ್ಮೆ ಉಳುಕಿದರೆ ಹಲವರಲ್ಲಿ ಅದು ಬಿಗಿಯಾಗುವುದು ಸ್ವಲ್ಪ ತಡ. ನೋವು ಹೋದರೂ ಆ ತಡ ಉಳಿಯಬಹುದು. ನಮ್ಮ ಬಾಗಲಕೋಟೆ ಕಡೆ ಮಣ್ಣಿನ ಅಂಕಣದಲ್ಲಿ ರೇಡ್‌ಗೆ ಹೋಗಿ ಗಕ್ಕನೆ ತಿರುಗುವಾಗ ಅಷ್ಟು ತಡ ಸಾಕಲ್ವಾ, ಮತ್ತೆ ಉಳುಕಲು?

ದಿಂಬು ಅಲುಗುವುದರಿಂದ ಈ ಸ್ನಾಯು ಗಟ್ಟಿ ನೆಲಕ್ಕಿಂತ ಜಾಸ್ತಿ ದುಡಿಯುತ್ತದೆ. ಮೊಣಕಾಲ ಕೆಳಗೆ ಮುಂಭಾಗದಲ್ಲಿರುವ ಟಿಬಿಯಾಲಿಸ್ ಆಂಟೀರಿಯರ್ ಅನ್ನುವ ಸ್ನಾಯು ಕೂಡ ಹಾಗೇ. ಕಣ್ಣು ಮುಚ್ಚಿದರೆ ಇನ್ನೂ ಕಷ್ಟ.

ಆದರೆ ಸುಮ್ನೆ ಅವಸರ ಮಾಡಬೇಡಿ. ಬರಿಗಾಲಲ್ಲಿ, ಗೋಡೆ ಪಕ್ಕ, ಮೊದಲು ನೆಲದ ಮೇಲೆ. ಅಲ್ಲಿ ಅರ್ಧ ನಿಮಿಷ ಅಲುಗದೆ ನಿಂತರೆ ಮಾತ್ರ ದಿಂಬು. ಹೆಬ್ಬೆರಳಿನ ಬುಡ ಮೇಲೆ ಏಳಬಾರದು, ಇದನ್ನು ಮಾತ್ರ ಗಮನಿಸ್ತಾ ಇರಿ. ಮತ್ತೆ ಊತ ಬಂದರೆ ನಿಲ್ಲಿಸಿ, ಫಿಸಿಯೋಗೆ ತೋರಿಸಿ.