ಪೈಪ್‌ಲೈನ್ ನಮ್ಮ ಕೈಯಲ್ಲಿಲ್ಲ, ನಿಜ. ಮೋರಿ ನಮ್ಮ ಕೈಯಲ್ಲಿದೆ

ಪೈಪ್‌ಲೈನ್‌ಗೆ ಅನುಮತಿ ಕೊಡುವುದು, ತಪಾಸಣೆ ಮಾಡುವುದು ಎಲ್ಲಾ ಮೇಲಿನ ಸರ್ಕಾರ, ಹಾಗಿರುವಾಗ ಸ್ಥಳೀಯ ಸಂಸ್ಥೆ ನಿಗಾ ಇಟ್ಟು ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನೂ ಹೀಗೇ ಅಂದುಕೊಂಡಿದ್ದೆ. ಒಂದು ಸ್ಥಳೀಯ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿದ್ದೆ. ರಸ್ತೆ, ಚರಂಡಿ, ರಸ್ತೆಯಡಿ ನೀರು ಹಾಯುವ ಮೋರಿ ನನ್ನದು, ನೆಲದಡಿಯ ಪೈಪು ಕಂಪನಿಯದು ಅಂತ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ.

ಒಂದು ಬೆಳಿಗ್ಗೆ ಹಳ್ಳದ ಕಡೆಯಿಂದ ಡಾಂಬರು ಕಾಯಿಸಿದಂಥ ವಾಸನೆ ಬರ್ತಿದೆ ಅಂತ ಫೋನ್ ಬಂತು. ಅಗ್ನಿಶಾಮಕದವರ ಜೊತೆ ಹೋದೆ. ಕಚ್ಚಾ ತೈಲ. ದಡದ ಹುಲ್ಲಿಗೆ ಒಂದು ಮಟ್ಟದವರೆಗೆ ಕಪ್ಪಗೆ ಮೆತ್ತಿಕೊಂಡಿತ್ತು, ಅದರ ಮೇಲಿನ ಹುಲ್ಲು ಹಸಿರಾಗೇ ಇತ್ತು. ತೈಲ ಇನ್ನೂ ರಸ್ತೆಯ ಮೋರಿ ತಲುಪಿರಲಿಲ್ಲ. ಮೋರಿ ದಾಟಿದರೆ ನೇರ ನದಿ.

ನನ್ನ ತಪ್ಪು ಇಲ್ಲೇ ಆಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಗ್ನಿಶಾಮಕದವರು ಗ್ಯಾಸ್ ಮೀಟರ್ ಹಿಡಿದು ನೋಡಿ, ಮೋರಿಯ ಹತ್ತಿರ ಕೆಲಸ ಮಾಡಬಹುದು ಅಂದರು. ಜೆಸಿಬಿ ಹತ್ತಿರದಲ್ಲೇ ಇತ್ತು. ಮಣ್ಣಿತ್ತು. ಚರಂಡಿ ಕೆಲಸಕ್ಕೆ ತಂದಿದ್ದ ಪೈಪುಗಳೂ ಇದ್ದವು. ಕಂಪನಿಯವರಿಗೆ ಫೋನ್ ಮಾಡಿದೆ. 'ನಮ್ಮ ತಂಡ ಹೊರಟಿದೆ, ನೀವು ಏನೂ ಮುಟ್ಟಬೇಡಿ' ಅಂದರು. ನಾನು ಮುಟ್ಟಲಿಲ್ಲ. ನಾವು ಕೈ ಹಾಕಿದರೆ ಹೊಣೆ ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ. ಆ ಹಳ್ಳ ಯಾರದು, ಆ ಮೋರಿ ಯಾರದು ಅಂತ ನನಗೆ ಆಗ ಹೊಳೆಯಲೇ ಇಲ್ಲ. ಎರಡೂ ನಮ್ಮವೇ. ಹಳ್ಳಕ್ಕೆ ಮಣ್ಣು ಹಾಕಲು ಕಂಪನಿಯ ಅಪ್ಪಣೆ ಬೇಕಿರಲಿಲ್ಲ. ಅವರ ತಂಡ ಬರುವಷ್ಟರಲ್ಲಿ ತೈಲ ನದಿ ಸೇರಿತ್ತು. ಬಂದವರು ನದಿಯಲ್ಲಿ ಬೂಮ್ ಕಟ್ಟಿದರು. ಅಂದರೆ ನೀರಿನ ಮೇಲೆ ತೇಲುವ ತಡೆ. ಅಲ್ಲಿ ಸೆಳೆತ ಜಾಸ್ತಿ. ತೈಲ ಅದರ ಅಡಿಯಿಂದ ನುಸುಳಿಕೊಂಡು ಹೋಗುವುದನ್ನು ನಿಂತು ನೋಡಿದೆ.

ಮೋರಿಯಲ್ಲಿ ಮಾಡಬೇಕಿದ್ದ ಕೆಲಸ ಸರಳ. ಮೋರಿಯ ಮೇಲ್ಬದಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಬೇಕು. ಅದರೊಳಗೆ ಪೈಪುಗಳನ್ನು ಓರೆಯಾಗಿ ಇಡಬೇಕು: ನೀರು ಬರುವ ಕಡೆಯ ಬಾಯಿ ತಳದಲ್ಲಿ, ಹೊರಹೋಗುವ ಬಾಯಿ ಎತ್ತರದಲ್ಲಿ. ನೀರು ಕೆಳಗಿನಿಂದ ಹೋಗುತ್ತದೆ, ತೈಲ ತೇಲುತ್ತಾ ಹಿಂದೆಯೇ ಉಳಿಯುತ್ತದೆ. ಆಮೇಲೆ ಟ್ಯಾಂಕರ್ ತಂದು ಹೀರಿಕೊಳ್ಳಬಹುದು.

ಆಮೇಲೆ ಓದಿದಾಗ ಗೊತ್ತಾಯಿತು, ಇದೇ ಕಥೆ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ನಡೆದಿತ್ತು. 2010ರ ಜುಲೈ 25ರಂದು ಮಾರ್ಷಲ್ ಹತ್ತಿರ ಪೈಪ್‌ಲೈನ್ ಒಡೆಯಿತು. ಕಂಟ್ರೋಲ್ ರೂಮಿನಲ್ಲಿ ಅಲಾರಂ ಬಂದರೂ ಸೋರಿಕೆ ಅಂತ ಗುರುತಿಸದೆ, ಪಂಪ್‌ಗಳನ್ನು ಎರಡು ಸಲ ಮತ್ತೆ ಚಾಲೂ ಮಾಡಿದರು. ಹೊರಬಂದ ತೈಲದಲ್ಲಿ ಬಹುಪಾಲು ಹೀಗೆ ಚಾಲೂ ಮಾಡಿದಾಗಲೇ ಬಂದದ್ದು. ಊರಿನವರು ರಾತ್ರಿಯೇ ವಾಸನೆ ಅಂತ ಫೋನ್ ಮಾಡಿದ್ದರು. ಅಗ್ನಿಶಾಮಕದವರು ಗ್ಯಾಸ್ ಸೋರಿಕೆ ಹುಡುಕಿ, ಏನೂ ಸಿಗದೆ ವಾಪಸ್ ಹೋದರು. 17 ಗಂಟೆ ಕಳೆದ ಮೇಲೆ ಕಂಪನಿಗೆ ವಿಷಯ ಮುಟ್ಟಿಸಿದ್ದು ಬೇರೆ ಗ್ಯಾಸ್ ಸಂಸ್ಥೆಯ ಒಬ್ಬ ನೌಕರ. 8 ಲಕ್ಷ ಗ್ಯಾಲನ್‌ಗೂ ಜಾಸ್ತಿ ತೈಲ ಟಾಲ್ಮಡ್ಜ್ ತೊರೆ ಮತ್ತು ಕಲಮಜೂ ನದಿಗೆ ಹೋಯಿತು. ತೊರೆಯ ಮೋರಿಗಳನ್ನು ಒಡ್ಡಾಗಿ ಬಳಸಲಿಲ್ಲ, ವೇಗದ ನೀರಿಗೆ ಹೊಂದದ ಬೂಮ್ ಹಾಕಿದರು ಅಂತ ತನಿಖಾ ವರದಿಯಲ್ಲಿದೆ. ಅದು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಗ್ಯಾಸ್ ಪೈಪ್‌ಲೈನ್ ಸಿಡಿದು 8 ಜನ ಸತ್ತರು. ಗ್ಯಾಸ್ ನಿಲ್ಲಿಸಲು 95 ನಿಮಿಷ ಬೇಕಾಯಿತು. ಅಷ್ಟು ದೊಡ್ಡ ಪೈಪು ಅಲ್ಲಿ ಹಾದುಹೋಗಿದೆ ಅನ್ನುವುದೇ ಊರಿನ ಅಗ್ನಿಶಾಮಕ ಮುಖ್ಯಸ್ಥರಿಗೆ ಗೊತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಧಿಕಾರ ಇದ್ದರೆ ಮಾತ್ರ ನಿಗಾ ಅಂತ ಯಾಕೆ ಅಂದುಕೊಳ್ಳಬೇಕು? ಅಲಾಸ್ಕಾದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಅನ್ನುವ ತೈಲ ಹಡಗಿನಿಂದ ತೈಲ ಚೆಲ್ಲಿದ ದುರಂತದ ನಂತರ ಪ್ರಿನ್ಸ್ ವಿಲಿಯಂ ಸೌಂಡ್ ಅನ್ನುವ ಕರಾವಳಿ ಪ್ರದೇಶಕ್ಕೆ ನಾಗರಿಕರ ಸಲಹಾ ಮಂಡಳಿಯೇ ಆಯಿತು. ಅದಕ್ಕೆ ಯಾವುದನ್ನೂ ನಿಲ್ಲಿಸುವ ಅಧಿಕಾರ ಇಲ್ಲ. ಆದರೂ ಸೋರಿಕೆ ಯೋಜನೆಗಳನ್ನು ಓದುತ್ತದೆ, ಅಣಕು ಕಾರ್ಯಾಚರಣೆ ನಡೆದಾಗ ಹೋಗಿ ನೋಡುತ್ತದೆ. ಖರ್ಚು ತೈಲ ಉದ್ಯಮದ್ದು.

ನಿಮ್ಮಲ್ಲೂ ಇಂಥ ನಿಗಾ ಸಮಿತಿ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಸುಮ್ನೆ ನಿರ್ಣಯ ಪಾಸು ಮಾಡಿ ಕೂರಬೇಡಿ. ಮೊದಲು ಪೈಪ್‌ಲೈನ್ ಯಾವ ಯಾವ ಹಳ್ಳ ದಾಟುತ್ತದೆ, ಅದರ ಕೆಳಗಿನ ಮೊದಲ ಮೋರಿ ಎಲ್ಲಿದೆ ಅಂತ ನಡೆದುಕೊಂಡೇ ಹೋಗಿ ನೋಡಿ, ನಕ್ಷೆ ಮಾಡಿ. ಕಂಟ್ರೋಲ್ ರೂಮಿನ ನಂಬರ್ ಫೈಲಿನಲ್ಲಿದ್ದರೆ ಸಾಲದು, ರಾತ್ರಿ ಹೊತ್ತು ಫೋನ್ ಮಾಡಿ ಯಾರು ಎತ್ತುತ್ತಾರೆ ನೋಡಿ. ಪೈಪಿನಲ್ಲಿ ಏನು ಹೋಗುತ್ತದೆ ಅಂತ ಬರಹದಲ್ಲಿ ಕೇಳಿ, ಇದು ತುಂಬಾ ಮುಖ್ಯ. ಪೆಟ್ರೋಲ್ ಅಥವಾ ಗ್ಯಾಸ್ ಆದರೆ ಒಡ್ಡು ಗಿಡ್ಡು ಅಂತ ಹತ್ತಿರ ಹೋಗಲೇಬೇಡಿ. ಜೆಸಿಬಿಯ ಒಂದು ಕಿಡಿ ಸಾಕು. ಆಗ ಜನರನ್ನು ದೂರ ಕಳಿಸುವುದೇ ಕೆಲಸ. ಕಲಮಜೂದಲ್ಲಿ ಚೆಲ್ಲಿದ್ದಂಥ ಭಾರದ ತೈಲವಾದರೆ ಬರಬರುತ್ತಾ ಮುಳುಗುತ್ತದೆ, ಆಗ ಮೊದಲ ಕೆಲವು ಗಂಟೆಯೇ ನಿಮ್ಮ ಕೈಯಲ್ಲಿರುವುದು.

ಮುಂದಿನ ಅಣಕು ಕಾರ್ಯಾಚರಣೆಯನ್ನು ಕಂಪನಿಯ ಗೇಟಿನೊಳಗೆ ಅಲ್ಲ, ನಿಮ್ಮ ಮೋರಿಯ ಹತ್ತಿರ ಮಾಡಿ ಅಂತ ಕೇಳಿ. ಹೊಣೆಯ ಮಾತು ಬಂದರೆ, ಯಾರು ಯಾವಾಗ ಒಡ್ಡು ಹಾಕಬಹುದು ಅನ್ನುವುದನ್ನು ಆವತ್ತೇ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.